ಲೇಸರ್ ಪ್ರಿಂಟ್‌ನಲ್ಲಿ ಫೋಟೊ ಕೆಡುತ್ತಿದೆಯೇ? ಹಾಫ್‌ಟೋನ್ ಸ್ಕ್ರೀನ್ ಹೊಂದಿಸುವ ದೋಷ ನಿವಾರಣೆ ಕೈಪಿಡಿ

ಮಂಡ್ಯ, ಮೈಸೂರು ಕಡೆಯ ಡಿಟಿಪಿ ಅಂಗಡಿಗಳಲ್ಲಿ ವೈಕುಂಠ ಸಮಾರಾಧನೆಯ ಕಾರ್ಡಿಗಿಂತ ಜತನ ಬೇಡುವ ಕೆಲಸ ಇನ್ನೊಂದಿಲ್ಲ. ತೀರಿಕೊಂಡವರ ಭಾವಚಿತ್ರ ಮನೆಯವರ ಮೊಬೈಲಿನಿಂದ ಬರುತ್ತದೆ. ಮಾನಿಟರಿನಲ್ಲಿ ಮುಖ ಕಳೆಯಾಗಿಯೇ ಇರುತ್ತದೆ. ಲೇಸರ್ ಪ್ರಿಂಟ್ ತೆಗೆದರೆ ಕೆನ್ನೆಯ ಮೇಲೆ ಪಟ್ಟಿ ಪಟ್ಟಿ ನೆರಳು, ಕಣ್ಣಿನ ಜಾಗ ಪೂರ್ತಿ ಕಪ್ಪು, ನರೆತ ಕೂದಲು ಕಾಗದದ ಬಿಳುಪಿನಲ್ಲಿ ಮಾಯ. ಪ್ರಶ್ನೆಪತ್ರಿಕೆಯ ಚಿತ್ರ, ಮಾನಸಗಂಗೋತ್ರಿಯ ಸಂಶೋಧನಾ ಪ್ರಬಂಧದಲ್ಲಿ ಬರುವ ಸೂಕ್ಷ್ಮದರ್ಶಕದ ಫೋಟೊ, ದಸರಾ ಸಂಚಿಕೆಯ ಅರಮನೆ ದೀಪಾಲಂಕಾರ, ಇವೆಲ್ಲ ಕೆಡುವುದೂ ಹೀಗೆಯೇ. ಕೂಡಲೇ ಕಾರ್ಟ್ರಿಜ್ ಬದಲಿಸುವವರೇ ಹೆಚ್ಚು. ಬಹಳ ಸಲ ಪ್ರಿಂಟರ್ ನೆಟ್ಟಗೇ ಇರುತ್ತದೆ, ಹಾಫ್‌ಟೋನ್ ಸ್ಕ್ರೀನ್ ಆ ಕೆಲಸಕ್ಕೆ ಹೊಂದಿರುವುದಿಲ್ಲ.

ಇಲ್ಲಿ ಲಕ್ಷಣ ಹಿಡಿದು ಹುಡುಕುವ ಕ್ರಮವಿದೆ. ಕಾಸು ಖರ್ಚಾಗದ ಪರೀಕ್ಷೆಗಳು ಮೊದಲು, ಯಂತ್ರ ಬಿಚ್ಚುವ ಮಾತು ಕೊನೆಗೆ.

ಮೊದಲು ಈ ಲೆಕ್ಕ ತಿಳಿದಿರಲಿ

ಲೇಸರ್ ಪ್ರಿಂಟರ್‌ಗೆ ಬೂದು ಬಣ್ಣ ಗೊತ್ತಿಲ್ಲ. ಟೋನರ್ ಪುಡಿ ಕೂರಿಸುತ್ತದೆ, ಇಲ್ಲವೇ ಕೂರಿಸದೆ ಬಿಡುತ್ತದೆ. ಚುಕ್ಕೆಗಳನ್ನು ಚಿಕ್ಕದು ದೊಡ್ಡದು ಮಾಡಿ ಕಣ್ಣಿಗೆ ಬೂದು ಇದ್ದಂತೆ ಕಾಣಿಸುವುದೇ ಹಾಫ್‌ಟೋನ್, ಆ ಚುಕ್ಕೆಗಳ ಜಾಲವೇ ಸ್ಕ್ರೀನ್. ಒಂದು ಇಂಚಿನಲ್ಲಿ ಇಂಥ ಚುಕ್ಕೆಗಳ ಸಾಲು ಎಷ್ಟು ಅನ್ನುವುದು ಎಲ್‌ಪಿಐ. ಅದೇ ಇಂಚಿನಲ್ಲಿ ಯಂತ್ರ ಎಷ್ಟು ಬಿಂದು ಇಡಬಲ್ಲದು ಅನ್ನುವುದು ಡಿಪಿಐ. ಒಂದೊಂದು ಚುಕ್ಕೆಯನ್ನೂ ಕಟ್ಟುವುದು ಆ ಬಿಂದುಗಳಿಂದಲೇ. ಚುಕ್ಕೆ ಸಣ್ಣದಾದಷ್ಟೂ ಅದರೊಳಗೆ ಹಿಡಿಯುವ ಬಿಂದು ಕಡಿಮೆ, ಬಿಂದು ಕಡಿಮೆಯಾದಷ್ಟೂ ಛಾಯೆ ಕಡಿಮೆ.

600 ಡಿಪಿಐ ಯಂತ್ರದಲ್ಲಿ, 45 ಡಿಗ್ರಿ ಕೋನದಲ್ಲಿ, ಲೆಕ್ಕ ಹೀಗೆ ಬೀಳುತ್ತದೆ: 106 ಎಲ್‌ಪಿಐ ಇಟ್ಟರೆ ಬಿಳಿ ಕಪ್ಪು ಸೇರಿ 33 ಛಾಯೆ. 85 ಇಟ್ಟರೆ 51, 71 ಇಟ್ಟರೆ 73, 61 ಇಟ್ಟರೆ 99, 53ಕ್ಕೆ ಇಳಿಸಿದರೆ 129. ಈ ಅಂಕಿಗಳು ವಿಚಿತ್ರವಾಗಿ ಕಾಣುವುದಕ್ಕೆ ಕಾರಣವಿದೆ. ಓರೆಯಾಗಿ ನಿಂತ ಚುಕ್ಕೆ ಯಂತ್ರದ ಬಿಂದುಗಳ ಚೌಕದ ಮೇಲೆ ಸರಿಯಾಗಿ ಕೂರುವುದು ಕೆಲವೇ ಅಳತೆಗಳಲ್ಲಿ. ನೀವು 80 ಅಥವಾ 90 ಕೇಳಿದರೆ ಎಷ್ಟೋ ಯಂತ್ರಗಳು ಹತ್ತಿರದ 85ಕ್ಕೆ ಸರಿಸಿಕೊಳ್ಳುತ್ತವೆ.

ನಿಜವಾದ 1200 ಡಿಪಿಐ ಇದ್ದರೆ 106 ಎಲ್‌ಪಿಐಯಲ್ಲೇ 129 ಛಾಯೆ ಸಿಗುತ್ತದೆ. ಪೆಟ್ಟಿಗೆಯ ಮೇಲೆ ‘1200 ಗುಣಮಟ್ಟ’ ಎಂದು ಬರೆದದ್ದೆಲ್ಲ ನಿಜವಾದ 1200 ಅಲ್ಲ. ಅಂಚು ನಯ ಮಾಡುವ ತಂತ್ರಕ್ಕೂ ಅದೇ ಹೆಸರು ಕೊಡುತ್ತಾರೆ. ಯಂತ್ರ ತನ್ನ ವಿವರವನ್ನು ತಾನೇ ಅಚ್ಚುಹಾಕುವ ಕಾನ್ಫಿಗರೇಶನ್ ಪುಟ ತೆಗೆದು ನೋಡಿ.

ಕೈ ಹಾಕುವ ಮುನ್ನ

ಸೆಟ್ಟಿಂಗ್ ಬದಲಿಸುವುದರಲ್ಲಿ ಅಪಾಯವಿಲ್ಲ. ಮುಚ್ಚಳ ತೆಗೆಯುವುದಾದರೆ ಪ್ಲಗ್ ಕಿತ್ತು ಅರ್ಧ ಗಂಟೆ ಬಿಡಿ. ಟೋನರನ್ನು ಕರಗಿಸಿ ಕಾಗದಕ್ಕೆ ಅಂಟಿಸುವ ಫ್ಯೂಸರ್ ಸುಮಾರು 200 ಡಿಗ್ರಿ ಸೆಲ್ಸಿಯಸ್‌ವರೆಗೂ ಕಾಯುತ್ತದೆ, ಮುಟ್ಟಿದರೆ ಬೊಬ್ಬೆ ಏಳುತ್ತದೆ. ಕಾರ್ಟ್ರಿಜ್ ಹೊರಗಿಟ್ಟರೆ ಅದರಲ್ಲಿರುವ, ಚಿತ್ರ ಮೂಡುವ ಉರುಳೆಯಾದ ಡ್ರಮ್ ಮೇಲೆ ಬೆಳಕು ಬೀಳದಂತೆ ದಪ್ಪ ಬಟ್ಟೆ ಮುಚ್ಚಿ, ಅದರ ಹೊಳೆಯುವ ಮೈಯನ್ನು ಬೆರಳಿನಿಂದ ಮುಟ್ಟಬೇಡಿ. ಚೆಲ್ಲಿದ ಟೋನರನ್ನು ಊದಬೇಡಿ, ಮನೆಯ ವ್ಯಾಕ್ಯೂಮ್ ಕ್ಲೀನರ್‌ನಿಂದ ಎಳೆಯಬೇಡಿ. ಒದ್ದೆ ಬಟ್ಟೆಯಿಂದ ಒರೆಸಿ, ಕೈಯನ್ನು ತಣ್ಣೀರಲ್ಲಿ ತೊಳೆಯಿರಿ. ಬಿಸಿನೀರಿಗೆ ಟೋನರ್ ಮೆತ್ತಗಾಗಿ ಅಂಟಿಕೊಳ್ಳುತ್ತದೆ. ಕರೆಂಟು ಹೋಗುತ್ತದೆಂದು ಲೇಸರ್ ಪ್ರಿಂಟರನ್ನು ಕಂಪ್ಯೂಟರಿನ ಸಣ್ಣ ಯುಪಿಎಸ್‌ಗೆ ಸಿಕ್ಕಿಸಬೇಡಿ, ಫ್ಯೂಸರ್ ಕಾಯುವ ಹೊತ್ತಿಗೆ ಎಳೆಯುವ ಹೊರೆಯನ್ನು ಅದು ತಾಳುವುದಿಲ್ಲ.

ಒಂದು ಪರೀಕ್ಷಾ ಹಾಳೆ ಮಾಡಿಕೊಳ್ಳಿ

ಗಿರಾಕಿಯ ಫೋಟೊ ಮೇಲೆ ಪ್ರಯೋಗ ಮಾಡಿದರೆ ದೋಷ ಫೋಟೊದ್ದೋ ಯಂತ್ರದ್ದೋ ತಿಳಿಯುವುದಿಲ್ಲ. ಎ4 ಹಾಳೆಯಲ್ಲಿ 0ಯಿಂದ 100ರವರೆಗೆ ಹತ್ತತ್ತು ಶೇಕಡಾ ಏರುವ ಹನ್ನೊಂದು ಬೂದು ಚೌಕ ಬರೆಯಿರಿ. ಅದರ ಕೆಳಗೆ ಬಿಳಿಯಿಂದ ಕಪ್ಪಿಗೆ ನಿಧಾನವಾಗಿ ಹೋಗುವ ಒಂದು ಉದ್ದ ಪಟ್ಟಿ, ಪಕ್ಕದಲ್ಲಿ ಚೆನ್ನಾಗಿ ಬೆಳಕಿರುವ ಒಂದು ಮುಖದ ಫೋಟೊ, ತಳದಲ್ಲಿ ಶೇ. 50 ಬೂದಿನಲ್ಲಿ 9 ಪಾಯಿಂಟಿನ ಕನ್ನಡ ಸಾಲೊಂದು. ಇದನ್ನು ಪಿಡಿಎಫ್ ಮಾಡಿ ಇಟ್ಟುಕೊಳ್ಳಿ. ಪ್ರತಿ ಸಲವೂ ಒಂದೇ ಸೆಟ್ಟಿಂಗ್ ಬದಲಿಸಿ ಇದೇ ಹಾಳೆ ತೆಗೆಯಿರಿ, ಏನು ಬದಲಿಸಿದಿರಿ ಎಂದು ಅದರ ಹಿಂದೆ ಪೆನ್ನಿನಲ್ಲಿ ಬರೆಯಿರಿ.

ಯಂತ್ರ ಈಗ ಎಷ್ಟು ಎಲ್‌ಪಿಐ ಕೊಡುತ್ತಿದೆ ಎಂದು ತಿಳಿಯಲು ಭೂತಗನ್ನಡಿ ಸಾಕು. ಶೇ. 30ರ ಚೌಕದಲ್ಲಿ ಓರೆಯಾಗಿ ಹೋಗುವ ಚುಕ್ಕೆಗಳ ಸಾಲು ಹಿಡಿದು ಒಂದು ಸೆಂಟಿಮೀಟರಿನಲ್ಲಿ ಎಷ್ಟು ಚುಕ್ಕೆ ಎಂದು ಎಣಿಸಿ, 2.54ರಿಂದ ಗುಣಿಸಿ. 21 ಚುಕ್ಕೆ ಬಂದರೆ 53 ಎಲ್‌ಪಿಐ, 33ರ ಮೇಲೆ ಬಂದರೆ 85. ಚುಕ್ಕೆಗೆ ಕ್ರಮವೇ ಇಲ್ಲದೆ ಮರಳು ಚೆಲ್ಲಿದಂತಿದ್ದರೆ ಪ್ರಿಂಟರಿನ ಡ್ರೈವರ್ (ಕಂಪ್ಯೂಟರಿನಿಂದ ಅದನ್ನು ನಡೆಸುವ ತಂತ್ರಾಂಶ) ಸಾಲಿನ ಸ್ಕ್ರೀನ್ ಬಳಸುತ್ತಿಲ್ಲ.

ಲಕ್ಷಣ: ಬೂದು ಜಾಗ ಮಚ್ಚೆ ಮಚ್ಚೆಯಾಗಿದೆ, ಅಲ್ಲಲ್ಲಿ ಮಾಸಲು

ಮೊದಲು ಡ್ರೈವರಿನಲ್ಲಿ ಟೋನರ್ ಉಳಿಸುವ ಆಯ್ಕೆ ಬಂದ್ ಆಗಿದೆಯೇ ನೋಡಿ. ಟೋನರ್ ಉಳಿಸಲು ಬಿಂದುಗಳನ್ನು ಕೈಬಿಡುವ ಯಂತ್ರಗಳಲ್ಲಿ ನೀವು ಹೊಂದಿಸಿದ ಸ್ಕ್ರೀನ್ ಮೇಲೆ ಅದರದ್ದೇ ಇನ್ನೊಂದು ಜಾಲ ಬಿದ್ದಂತಾಗುತ್ತದೆ. ಅಂಗಡಿಯಲ್ಲಿ ಯಾರೋ ಒಮ್ಮೆ ಹಾಕಿದ್ದು ತಿಂಗಳುಗಟ್ಟಲೆ ಹಾಗೇ ಉಳಿದಿರುತ್ತದೆ.

ಅದು ಸರಿಯಿದ್ದರೆ ಕಾಗದ. ಮಂಡ್ಯದಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಮಳೆ ಹಿಡಿದಾಗ ತೆರೆದಿಟ್ಟ ರೀಮ್ ತೇವ ಎಳೆದುಕೊಳ್ಳುತ್ತದೆ. ಟೋನರ್ ಡ್ರಮ್‌ನಿಂದ ಕಾಗದಕ್ಕೆ ಬರುವುದು ವಿದ್ಯುತ್ ಸೆಳೆತದಿಂದ. ತೇವದ ಕಾಗದದಲ್ಲಿ ಆ ಸೆಳೆತ ಸೋರಿಹೋಗಿ ಟೋನರ್ ಸಮನಾಗಿ ಇಳಿಯುವುದಿಲ್ಲ. ಅಚ್ಚ ಕಪ್ಪು ಅಕ್ಷರದಲ್ಲಿ ಇದು ಗೊತ್ತಾಗುವುದಿಲ್ಲ, ಬೂದಿನಲ್ಲಿ ಎದ್ದು ಕಾಣುತ್ತದೆ. ಹೊಸ ರೀಮ್ ಒಡೆದು ನಡುವಿನ ಹಾಳೆಯಲ್ಲಿ ಪರೀಕ್ಷಾ ಪುಟ ತೆಗೆಯಿರಿ. ಮಚ್ಚೆ ಹೋದರೆ ಕಾರಣ ಸಿಕ್ಕಿತು. ಉಳಿದ ಹಾಳೆಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿಡಿ.

ಕಾರ್ಡಿನ ದಪ್ಪ ಹಾಳೆಯಾದರೆ ಡ್ರೈವರಿನಲ್ಲಿ ಕಾಗದದ ಬಗೆಯನ್ನೂ ‘ದಪ್ಪ’ ಎಂದು ಬದಲಿಸಿ. ಗೆರೆ ಉಬ್ಬಿಸಿದ ಅಲಂಕಾರದ ಕಾರ್ಡುಗಳಲ್ಲಿ ಗುಂಡಿಯೊಳಗೆ ಟೋನರ್ ಇಳಿಯುವುದಿಲ್ಲ. ಅಂಥದ್ದರಲ್ಲಿ ಫೋಟೊ ಬೇಡವೆಂದು ಗಿರಾಕಿಗೆ ಮೊದಲೇ ಹೇಳುವುದು ಒಳ್ಳೆಯದು.

ಲಕ್ಷಣ: ಉದ್ದುದ್ದ ಗೆರೆ, ಅಥವಾ ಅಡ್ಡಡ್ಡ ಪಟ್ಟಿ

ಇದು ಸ್ಕ್ರೀನಿನ ದೋಷವಲ್ಲ, ಎಲ್‌ಪಿಐ ಎಷ್ಟು ಬದಲಿಸಿದರೂ ಹೋಗುವುದಿಲ್ಲ. ಕಾಗದ ಸಾಗುವ ದಿಕ್ಕಿನಲ್ಲಿ ಬಿಳಿ ಗೆರೆಯಿದ್ದರೆ ಟೋನರ್ ಮುಗಿಯುತ್ತಾ ಬಂದಿದೆ, ಇಲ್ಲವೇ ಲೇಸರ್ ಹಾದುಬರುವ ಕಿಂಡಿಯಲ್ಲಿ ಧೂಳಿದೆ. ಕಾರ್ಟ್ರಿಜನ್ನು ಅಡ್ಡ ಹಿಡಿದು ಮೆಲ್ಲಗೆ ನಾಲ್ಕೈದು ಸಲ ಓಲಾಡಿಸಿ ನೋಡಿ. ಕಪ್ಪು ಗೆರೆಯಿದ್ದರೆ ಡ್ರಮ್ ಗೀಚಿದೆ ಅಥವಾ ಅದನ್ನು ಒರೆಸುವ ಬ್ಲೇಡ್ ಸವೆದಿದೆ.

ಒಂದೇ ಕಲೆ ಸಮಾನ ದೂರಕ್ಕೆ ಮರುಕಳಿಸಿದರೆ ಸ್ಕೇಲ್ ಇಟ್ಟು ಅಳೆಯಿರಿ. 24 ಮಿ.ಮೀ. ವ್ಯಾಸದ ಡ್ರಮ್ ಒಂದು ಸುತ್ತಿಗೆ ಸುಮಾರು 75 ಮಿ.ಮೀ. ಸಾಗುತ್ತದೆ, 30 ಮಿ.ಮೀ. ವ್ಯಾಸದ್ದು ಸುಮಾರು 94. ಅಳತೆ ಹೊಂದಿದರೆ ಡ್ರಮ್ ಹೋಗಿದೆ ಎಂದರ್ಥ. ಬೇರೆ ಕಾರ್ಟ್ರಿಜ್ ಹಾಕಿ ಒಮ್ಮೆ ತೆಗೆದರೆ ಅನುಮಾನ ಪೂರ್ತಿ ತೀರುತ್ತದೆ. ಈ ದೋಷ ಇರುವಾಗ ಮುಂದಿನ ಯಾವ ಹೊಂದಾಣಿಕೆಯನ್ನೂ ಮಾಡಬೇಡಿ, ಫಲಿತಾಂಶ ನಂಬಲಾಗದು.

ಲಕ್ಷಣ: ಚುಕ್ಕೆ ಕಣ್ಣಿಗೆ ಕುಕ್ಕುತ್ತದೆ, ಮುಖ ಒರಟು

ಡ್ರೈವರಿನಲ್ಲಿ ರೆಸಲ್ಯೂಶನ್ 300ಕ್ಕೆ ಇಳಿದಿರಬಹುದು. 300 ಡಿಪಿಐಯಲ್ಲಿ 53 ಎಲ್‌ಪಿಐ ಇಟ್ಟರೂ ಸಿಗುವುದು 33 ಛಾಯೆ ಮಾತ್ರ. 1985ರಲ್ಲಿ ಬಂದ ಆಪಲ್ ಲೇಸರ್‌ರೈಟರಿನ ಕಾಲದ ಮಿತಿ ಅದು, ಇಂದಿನ ಯಂತ್ರ ಅದಕ್ಕೆ ಕಟ್ಟುಬೀಳಬೇಕಾಗಿಲ್ಲ. 600 ಅಥವಾ 1200ಕ್ಕೆ ಏರಿಸಿ.

ರೆಸಲ್ಯೂಶನ್ ಸರಿಯಿದ್ದೂ ಚುಕ್ಕೆ ದಪ್ಪವಾಗಿದ್ದರೆ ಎಲ್‌ಪಿಐ ಏರಿಸಬೇಕು. ಡ್ರೈವರಿನಲ್ಲಿ ಇದು ಹಾಫ್‌ಟೋನ್, ಡಿದರಿಂಗ್, ಗ್ರಾಫಿಕ್ಸ್ ಗುಣಮಟ್ಟ ಎಂದು ನಾನಾ ಹೆಸರಿನಲ್ಲಿ ಅಡಗಿರುತ್ತದೆ. ‘ಡೀಟೇಲ್’ ಎಂದರೆ ಸಾಮಾನ್ಯವಾಗಿ ನುಣುಪು ಸ್ಕ್ರೀನ್, ಅಂದರೆ ಹೆಚ್ಚು ಎಲ್‌ಪಿಐ. ‘ಸ್ಮೂತ್’ ಎಂದರೆ ಕಡಿಮೆ ಎಲ್‌ಪಿಐ, ಹೆಚ್ಚು ಛಾಯೆ. ಕೈಗೆ ಕೊಡುವ ಭಾವಚಿತ್ರಕ್ಕೆ, 600 ಡಿಪಿಐಯಲ್ಲಿ, ನನ್ನ ಆಯ್ಕೆ 85 ಎಲ್‌ಪಿಐ. ಹೆಚ್ಚಿನ ದಿನಪತ್ರಿಕೆಗಳ ಫೋಟೊ ಇರುವುದೂ ಅದರ ಆಸುಪಾಸಿನಲ್ಲೇ. ಕೋನ 45 ಡಿಗ್ರಿಯೇ ಇರಲಿ. ನೆಟ್ಟಗಿನ, ಅಡ್ಡದ ಸಾಲನ್ನು ಕಣ್ಣು ಬೇಗ ಗುರುತಿಸುತ್ತದೆ, ಓರೆ ಸಾಲನ್ನು ಅಷ್ಟು ಬೇಗ ಗುರುತಿಸುವುದಿಲ್ಲ.

ಲಕ್ಷಣ: ನೆರಳು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ

ಹಿಂದಿನ ದೋಷಕ್ಕೆ ಇದು ತದ್ವಿರುದ್ಧ. ಹಿಂದಿನದನ್ನು ಅತಿಯಾಗಿ ತಿದ್ದಿದರೆ ಇಲ್ಲಿಗೇ ಬಂದು ನಿಲ್ಲುತ್ತೀರಿ. ಚುಕ್ಕೆ ನುಣುಪಾಗಲೆಂದು 106ಕ್ಕೆ ಏರಿಸಿದಾಗ 33 ಛಾಯೆಯಲ್ಲಿ ಇಡೀ ಮುಖ ಕಟ್ಟಬೇಕಾಗುತ್ತದೆ. ಹಣೆಯಿಂದ ಕೆನ್ನೆಗೆ ಮೆಲ್ಲಗೆ ಇಳಿಯಬೇಕಾದ ನೆರಳು ಅಲ್ಲಲ್ಲಿ ತುಂಡಾಗುತ್ತದೆ. ಪರೀಕ್ಷಾ ಹಾಳೆಯ ಉದ್ದ ಪಟ್ಟಿಯಲ್ಲಿ ಇದು ತಕ್ಷಣ ಕಾಣಿಸುತ್ತದೆ. ಪಟ್ಟಿ 20 ಸೆಂಟಿಮೀಟರ್ ಉದ್ದವಿದ್ದರೆ 33 ಛಾಯೆಯಲ್ಲಿ ಒಂದೊಂದು ಮೆಟ್ಟಿಲೂ 6 ಮಿ.ಮೀ. ಅಗಲ ಬರುತ್ತದೆ, ಯಾರ ಕಣ್ಣಿಗೂ ಬೀಳುತ್ತದೆ.

106ರಿಂದ 85ಕ್ಕೆ, ಬೇಕಾದರೆ 71ಕ್ಕೆ ಇಳಿಸಿ. ಒಂದೊಂದೇ ಹೆಜ್ಜೆ ಇಳಿದು, ಚುಕ್ಕೆ ಕಾಣತೊಡಗುವ ಹಂತದ ಹಿಂದಿನದನ್ನು ಇಟ್ಟುಕೊಳ್ಳಿ. ಹಾಳೆಯನ್ನು ಓದುವ ದೂರದಲ್ಲಿ ಹಿಡಿದು ತೀರ್ಮಾನಿಸಿ, ಭೂತಗನ್ನಡಿಯಲ್ಲಿ ಎಲ್ಲ ಸ್ಕ್ರೀನೂ ಒರಟಾಗಿಯೇ ಕಾಣುತ್ತದೆ. ನುಣುಪು ಸ್ಕ್ರೀನ್ ಬೇಕೇಬೇಕು ಅನ್ನುವಾಗ ಫೋಟೊಶಾಪ್‌ನಲ್ಲಿ ಫೋಟೊಗೆ ಶೇ. 2ರಷ್ಟು ನಾಯ್ಸ್ ಸೇರಿಸಿದರೆ ಮೆಟ್ಟಿಲಿನ ಅಂಚು ಚದುರಿ ಮೃದುವಾಗುತ್ತದೆ. ಕೋರಲ್‌ಡ್ರಾದಲ್ಲಿ ಹಿನ್ನೆಲೆಗೆ ಹಾಕುವ ಉದ್ದ ಗ್ರೇಡಿಯಂಟ್‌ಗಳ ವಿಷಯದಲ್ಲಿ ಇನ್ನೂ ಸುಲಭದ ದಾರಿಯಿದೆ. ಮೆಟ್ಟಿಲು ಸಪೂರವಾಗುವಂತೆ ಪಟ್ಟಿಯನ್ನು ಮೋಟು ಮಾಡಿ. ಇಡೀ ಎ4 ಉದ್ದಕ್ಕೆ ಗ್ರೇಡಿಯಂಟ್ ಎಳೆಯುವ ಅಭ್ಯಾಸ ಲೇಸರ್‌ಗೆ ಹೊಂದುವುದಿಲ್ಲ.

ಲಕ್ಷಣ: ಕಣ್ಣು, ಮೀಸೆ ಎಲ್ಲ ಕಪ್ಪು ಮುದ್ದೆ, ಬಿಳಿ ಸೀರೆ, ನರೆ ಕೂದಲು ಬೋಳು

ಕಾಗದದ ಮೇಲೆ ಚುಕ್ಕೆ ಲೆಕ್ಕದ ಅಳತೆಗಿಂತ ಹಿಗ್ಗುತ್ತದೆ. ಟೋನರ್ ಕರಗಿ ಸುತ್ತ ಹರಡುವುದರಿಂದ ನಡುವಿನ ಬೂದುಗಳು ಗಾಢವಾಗುತ್ತವೆ, ಗಾಢದವು ಮುಚ್ಚಿಕೊಂಡೇ ಹೋಗುತ್ತವೆ. ಸ್ಕ್ರೀನ್ ನುಣುಪಾದಷ್ಟೂ ಚುಕ್ಕೆಗಳ ಅಂಚು ಹೆಚ್ಚು, ಹಿಗ್ಗುವುದೂ ಹೆಚ್ಚು. ಇನ್ನೊಂದು ತುದಿಯಲ್ಲಿ, ತೀರ ತಿಳಿ ಬೂದಿನ ಒಂಟಿ ಬಿಂದು ಟೋನರನ್ನು ಹಿಡಿಯಲಾರದೆ ಉದುರಿ ಹೋಗುತ್ತದೆ.

ಡ್ರೈವರಿನ ಡೆನ್ಸಿಟಿಯನ್ನು ನಡುವಿನ ಅಂಕಕ್ಕೆ ತನ್ನಿ. ಆಮೇಲೆ ಪರೀಕ್ಷಾ ಹಾಳೆಯ ಚೌಕಗಳನ್ನು ನೋಡಿ. 80, 90, 100 ಮೂರೂ ಒಂದೇ ಕಪ್ಪಾಗಿ ಕಂಡರೆ ಯಂತ್ರದ ಗಾಢ ಮಿತಿ 80. 10ರ ಚೌಕವೇ ಕಾಣದಿದ್ದರೆ ತಿಳಿ ಮಿತಿ 10ಕ್ಕೂ ಮೇಲಿದೆ. ಫೋಟೊವನ್ನು ಆ ಎರಡು ಮಿತಿಯೊಳಗೆ ತರಬೇಕು. ಫೋಟೊಶಾಪ್‌ನ ಲೆವೆಲ್ಸ್‌ನಲ್ಲಿ ಕೆಳಗಿರುವ ಔಟ್‌ಪುಟ್ ಅಂಕಗಳನ್ನು 0–255 ಬಿಟ್ಟು 30–240 ಮಾಡಿ. ಹಾಗೆ ಮಾಡಿದರೆ ಅತಿ ಗಾಢ ಶೇ. 88ಕ್ಕೂ ಅತಿ ತಿಳಿ ಶೇ. 6ಕ್ಕೂ ನಿಲ್ಲುತ್ತದೆ. ನಿಮ್ಮ ಹಾಳೆ ತೋರಿಸಿದ ಮಿತಿ ಇದಕ್ಕಿಂತ ಕಿರಿದಾಗಿದ್ದರೆ ಈ ಎರಡು ಅಂಕಗಳನ್ನೂ ಇನ್ನಷ್ಟು ಹತ್ತಿರ ತನ್ನಿ. ನಡುವಿನ ಬೂದನ್ನೂ ಸ್ವಲ್ಪ ತಿಳಿ ಮಾಡಿ. ಮಾನಿಟರಿನಲ್ಲಿ ಫೋಟೊ ಸಪ್ಪೆಯಾಗಿ ಕಾಣುತ್ತದೆ, ಹೆದರಬೇಡಿ, ಕಾಗದದಲ್ಲಿ ಸರಿಹೋಗುತ್ತದೆ. ಮುಖದ ಫೋಟೊ ಸುಧಾರಿಸಲು ಇಷ್ಟು ಫಲ ಕೊಡುವ ಇನ್ನೊಂದು ಹೆಜ್ಜೆಯನ್ನು ನಾನು ಕಂಡಿಲ್ಲ. ಎಲ್‌ಪಿಐ ಮುಟ್ಟುವ ಮೊದಲೇ ಇದನ್ನು ಮಾಡಿದವರಿಗೆ ಅರ್ಧ ಕೆಲಸ ಮುಗಿದಿರುತ್ತದೆ.

ವಾಟ್ಸಾಪ್‌ನಲ್ಲಿ ಬಂದ ಫೋಟೊ ಎಂದು ಬೇಸರಿಸಬೇಕಾಗಿಲ್ಲ. ಎಲ್‌ಪಿಐಯ ಎರಡರಷ್ಟು ಪಿಕ್ಸೆಲ್ ಇದ್ದರೆ ಸಾಕು. 85 ಎಲ್‌ಪಿಐಯಲ್ಲಿ 3 ಇಂಚು ಅಗಲದ ಮುಖಕ್ಕೆ 510 ಪಿಕ್ಸೆಲ್ ಸಾಲುತ್ತದೆ. ಗುಂಪಿನ ಫೋಟೊದಿಂದ ಒಂದು ಮುಖ ಕತ್ತರಿಸಿದಾಗ ಮಾತ್ರ ಕೊರತೆ ಬೀಳುತ್ತದೆ.

ಲಕ್ಷಣ: ಫೋಟೊ ಮೇಲೆ ಚೌಕುಳಿ ಅಥವಾ ಅಲೆ ಅಲೆ

ಎರಡು ಚುಕ್ಕೆ ಜಾಲಗಳು ಒಂದರ ಮೇಲೊಂದು ಬಿದ್ದಿವೆ. ಪತ್ರಿಕೆಯಲ್ಲಿ ಬಂದ ಫೋಟೊವನ್ನು ಸ್ಕ್ಯಾನ್ ಮಾಡಿದ್ದರೆ ಅದರ ಚುಕ್ಕೆಯೂ ನಿಮ್ಮ ಚುಕ್ಕೆಯೂ ಜಗಳಕ್ಕೆ ಬೀಳುತ್ತವೆ. ಸ್ಕ್ಯಾನರಿನಲ್ಲಿ ಅಚ್ಚಿನ ಚುಕ್ಕೆ ಅಳಿಸುವ ಡಿಸ್ಕ್ರೀನ್ ಆಯ್ಕೆ ಹಾಕಿ, ಇಲ್ಲವೇ 600ರಲ್ಲಿ ಸ್ಕ್ಯಾನ್ ಮಾಡಿ, ಚುಕ್ಕೆ ಕರಗುವಷ್ಟು ಮಾತ್ರ ಗಾಸಿಯನ್ ಬ್ಲರ್ ಕೊಟ್ಟು, ಆಮೇಲೆ 200ಕ್ಕೆ ಇಳಿಸಿ. ಮೂಲ ಫೋಟೊ ಮನೆಯಲ್ಲಿದ್ದರೆ ತರಿಸಿಕೊಳ್ಳುವುದೇ ಎಲ್ಲಕ್ಕಿಂತ ಮೇಲು.

ಸ್ಕ್ಯಾನ್ ಮಾಡದ ಫೋಟೊದಲ್ಲೂ ಚೌಕುಳಿ ಬಂದರೆ, ನೀವೇ ಮೊದಲೇ ಚುಕ್ಕೆ ಮಾಡಿದ ಚಿತ್ರವನ್ನು (ಆ ಕ್ರಮ ಮುಂದೆ ಬರುತ್ತದೆ) ಯಾರೋ ಹಿಗ್ಗಿಸಿದ್ದಾರೆ ಅಥವಾ ಕುಗ್ಗಿಸಿದ್ದಾರೆ. ಪಿಡಿಎಫ್ ಪ್ರಿಂಟ್ ಮಾಡುವಾಗ ‘ಫಿಟ್’ ಎಂದಿದ್ದರೆ ಪುಟ ಶೇ. 97ಕ್ಕೆ ಕುಗ್ಗಬಹುದು. ಅಷ್ಟು ಸಾಕು, ಇಡೀ ಚಿತ್ರ ಕಂಬಳಿ ನೇಯ್ಗೆಯಂತಾಗುತ್ತದೆ. ‘ಆಕ್ಚುಯಲ್ ಸೈಜ್’ ಆರಿಸಿ.

ಲಕ್ಷಣ: ಮೂಲ ಪ್ರತಿ ಚೆನ್ನಾಗಿದೆ, ಜೆರಾಕ್ಸ್ ಮಾಡಿದರೆ ಹಾಳು

ಪ್ರಶ್ನೆಪತ್ರಿಕೆ ಮಾಡುವವರು ಇದನ್ನು ಗಮನವಿಟ್ಟು ಓದಬೇಕು. ಜೀವಕೋಶದ ಚಿತ್ರ ಮಗುವಿಗೆ ಕಾಣದಿದ್ದರೆ ಅಂಕ ಹೋಗುವುದು ಮಗುವಿನದು. ಹಾಳೆ ಮುಂದೆ ಎಲ್ಲಿಗೆ ಹೋಗುತ್ತದೆ ಅನ್ನುವುದನ್ನು ನೋಡಿ ಸ್ಕ್ರೀನ್ ಆರಿಸಬೇಕು. ಕೈಗೇ ಕೊಡುವ ಹಾಳೆಗೆ 85 ಸರಿ. ಜೆರಾಕ್ಸ್‌ಗೆ ಹೋಗುವ ಮೂಲ ಪ್ರತಿಗೆ 53 ಅಥವಾ 61 ಸರಿ. ನುಣುಪು ಚುಕ್ಕೆಗಳನ್ನು ಜೆರಾಕ್ಸ್ ಯಂತ್ರ ಬಿಡಿಬಿಡಿಯಾಗಿ ಹಿಡಿಯಲಾರದು. ಕೆಲವನ್ನು ಕಳೆಯುತ್ತದೆ, ಕೆಲವನ್ನು ಕೂಡಿಸಿ ಮುದ್ದೆ ಮಾಡುತ್ತದೆ. ದಪ್ಪ ಚುಕ್ಕೆ ಚುಕ್ಕೆಯಾಗಿಯೇ ಉಳಿಯುತ್ತದೆ, 600 ಡಿಪಿಐಯಲ್ಲಿ 129 ಛಾಯೆಯೂ ಸಿಗುತ್ತದೆ.

ಜೆರಾಕ್ಸ್ ಯಂತ್ರದಲ್ಲಿ ‘ಫೋಟೊ’ ಮೋಡ್ ಹಾಕಿದರೆ ಅದು ತನ್ನದೇ ಚುಕ್ಕೆ ಹೇರುತ್ತದೆ. ಆಗಲೇ ಚುಕ್ಕೆಯಾಗಿರುವ ಹಾಳೆಗೆ ‘ಟೆಕ್ಸ್ಟ್’ ಮೋಡ್ ಹಾಕಿಸಿ, ಡಾರ್ಕ್ ಒಂದು ಹಂತ ತಗ್ಗಿಸಿ. ರಿಸೊ ಯಂತ್ರದಲ್ಲಿ ನೂರಾರು ಪ್ರತಿ ಹಾಕಿಸುವುದಾದರೆ ‘ಲೈನ್’ ಮೋಡ್ ಕೇಳಿ. ಮೊದಲ ಪ್ರತಿ ನೋಡಿಯೇ ಉಳಿದದ್ದಕ್ಕೆ ಒಪ್ಪಿಗೆ ಕೊಡಿ.

ಲಕ್ಷಣ: ಬೂದು ಅಕ್ಷರದ ಅಂಚು ಒಡೆದಿದೆ, ಒತ್ತಕ್ಷರ ಓದಲಾಗದು

ಶೇ. 50 ಬೂದು ಕೊಟ್ಟ ಅಕ್ಷರವೂ ಚುಕ್ಕೆಯಾಗಿಯೇ ಅಚ್ಚಾಗುತ್ತದೆ. 53 ಎಲ್‌ಪಿಐಯಲ್ಲಿ ಒಂದೊಂದು ಚುಕ್ಕೆಗೂ ಅರ್ಧ ಮಿ.ಮೀ. ಜಾಗ ಬೇಕು, ಒತ್ತಕ್ಷರದ ಗೆರೆ ಅದಕ್ಕಿಂತ ಸಪೂರ. ಕ್ಷ್ಮ, ಸ್ತ್ರೀ ಇಂಥವು ಚಿಂದಿಯಾಗುತ್ತವೆ. ಸಣ್ಣ ಅಕ್ಷರ ಯಾವಾಗಲೂ ಅಚ್ಚ ಕಪ್ಪು ಇರಲಿ. ಬೂದಿನ ಹಿನ್ನೆಲೆಯ ಮೇಲೆ ಅಕ್ಷರ ಬರುವುದಾದರೆ ಹಿನ್ನೆಲೆ ಶೇ. 15 ಮೀರದಿರಲಿ.

ಲಕ್ಷಣ: ಏನು ಬದಲಿಸಿದರೂ ಏನೂ ಆಗುತ್ತಿಲ್ಲ

ಅಗ್ಗದ ಪ್ರಿಂಟರ್‌ಗಳಲ್ಲಿ ಇದು ಸಾಮಾನ್ಯ. ಪೇಜ್‌ಮೇಕರ್, ಕೋರಲ್‌ಡ್ರಾ ಕಳಿಸುವ ಎಲ್‌ಪಿಐ, ಕೋನ, ಚುಕ್ಕೆಯ ಆಕಾರದ ಸೂಚನೆಯನ್ನು ಓದಬಲ್ಲದ್ದು ಪೋಸ್ಟ್‌ಸ್ಕ್ರಿಪ್ಟ್ ಎಂಬ ಪುಟ ವಿವರಿಸುವ ಭಾಷೆ ತಿಳಿದ ಯಂತ್ರ ಮಾತ್ರ. ಕಾನ್ಫಿಗರೇಶನ್ ಪುಟದಲ್ಲಿ ಪೋಸ್ಟ್‌ಸ್ಕ್ರಿಪ್ಟ್ ಅಥವಾ ಪಿಎಸ್ ಎಂದು ಇದೆಯೇ ನೋಡಿ. ಇದ್ದರೆ ಅದರ ಪಿಎಸ್ ಡ್ರೈವರನ್ನೇ ಹಾಕಿ. ಪಿಸಿಎಲ್ ಎಂಬ ಇನ್ನೊಂದು ಭಾಷೆಯ ಡ್ರೈವರ್ ಮೂಲಕ ಕಳಿಸಿದರೆ ಆ ಸೂಚನೆ ತಲುಪುವುದಿಲ್ಲ.

ಪೋಸ್ಟ್‌ಸ್ಕ್ರಿಪ್ಟ್ ಇಲ್ಲದಿದ್ದರೆ ಹೊಸ ಯಂತ್ರ ಕೊಳ್ಳಬೇಕಾಗಿಲ್ಲ. ಚುಕ್ಕೆಯನ್ನು ನೀವೇ ಮಾಡಿ ಕಳಿಸಿ. ಫೋಟೊಶಾಪ್‌ನಲ್ಲಿ ಫೋಟೊವನ್ನು ಅಚ್ಚಾಗಬೇಕಾದ ಅಳತೆಗೇ ತಂದು, ಗ್ರೇಸ್ಕೇಲ್ ಮಾಡಿ, ಮೇಲೆ ಹೇಳಿದ ಲೆವೆಲ್ಸ್ ತಿದ್ದುಪಡಿ ಮುಗಿಸಿ. ಆಮೇಲೆ ಮೋಡ್‌ನಲ್ಲಿ ಬಿಟ್‌ಮ್ಯಾಪ್ ಆರಿಸಿ. ಔಟ್‌ಪುಟ್ 600, ವಿಧಾನ ಹಾಫ್‌ಟೋನ್ ಸ್ಕ್ರೀನ್, ಫ್ರೀಕ್ವೆನ್ಸಿ 85, ಕೋನ 45, ಆಕಾರ ರೌಂಡ್. ಟಿಫ್ ಆಗಿ ಉಳಿಸಿ, ಕೋರಲ್‌ಡ್ರಾಕ್ಕೆ ತಂದು, ಎಳೆಯದೆ ತಿರುಗಿಸದೆ ಹಾಗೇ ಇಡಿ. ಪ್ರಿಂಟರೂ 600ರಲ್ಲೇ ಇರಲಿ. ಆಗ ಒಂದೊಂದು ಪಿಕ್ಸೆಲ್ಲೂ ಒಂದೊಂದು ಬಿಂದುವಿನ ಮೇಲೆ ಕೂರುತ್ತದೆ. ಫೋಟೊಶಾಪ್ ಇಲ್ಲದವರಿಗೆ ಉಚಿತವಾಗಿ ಸಿಗುವ ಗಿಂಪ್‌ನಲ್ಲಿ ನ್ಯೂಸ್‌ಪ್ರಿಂಟ್ ಎಂಬ ಫಿಲ್ಟರ್ ಇದೆ.

ಫೋಟೊಶಾಪ್‌ನ ವಿಧಾನಗಳ ಪಟ್ಟಿಯಲ್ಲಿ ‘ಡಿಫ್ಯೂಶನ್’ ಎಂದೂ ಇರುತ್ತದೆ, ಅದು ಸಾಲಿನ ಚುಕ್ಕೆ ಕಟ್ಟದೆ ಒಂಟಿ ಬಿಂದುಗಳನ್ನು ಚದುರಿಸುತ್ತದೆ. 1976ರಲ್ಲಿ ಫ್ಲಾಯ್ಡ್, ಸ್ಟೈನ್‌ಬರ್ಗ್ ಪ್ರಕಟಿಸಿದ ವಿಧಾನ ಈ ಬಗೆಯದು. ಇಂಕ್‌ಜೆಟ್‌ಗೆ ಒಪ್ಪುತ್ತದೆ. ಲೇಸರ್‌ನಲ್ಲಿ ಒಂಟಿ ಬಿಂದುಗಳು ನಿಲ್ಲದ ಕಾರಣ ಮುಖದ ಮೇಲೆ ಮರಳು ಎರಚಿದಂತೆ ಕಾಣುತ್ತದೆ, ಜೆರಾಕ್ಸ್‌ನಲ್ಲಂತೂ ಉಳಿಯುವುದೇ ಇಲ್ಲ.

ಇಲ್ಲಿಗೆ ನಿಲ್ಲಿಸಿ, ಮೆಕ್ಯಾನಿಕ್ ಕರೆಯಿರಿ

ಬೆರಳಿನಿಂದ ಉಜ್ಜಿದರೆ ಟೋನರ್ ಕೈಗೆ ಬರುತ್ತಿದ್ದು, ಕಾಗದದ ಬಗೆ ಬದಲಿಸಿದರೂ ಹಾಗೇ ಇದ್ದರೆ ಫ್ಯೂಸರ್ ದೋಷ. ಬೇರೆ ಕಾರ್ಟ್ರಿಜ್ ಹಾಕಿದ ಮೇಲೂ ಬಿಳಿ ಗೆರೆ ಅಲ್ಲೇ ಇದ್ದರೆ ಲೇಸರ್ ಘಟಕದ ಕನ್ನಡಿಗೆ ಧೂಳು ಕೂತಿದೆ. ಆ ಪೆಟ್ಟಿಗೆಯನ್ನು ನೀವು ತೆರೆಯಬಾರದು. ಅದರ ಕಿರಣ ಕಣ್ಣಿಗೆ ಕಾಣುವುದಿಲ್ಲ, ಆದರೆ ಕಣ್ಣಿನ ಒಳಪದರವನ್ನು ಸುಡುತ್ತದೆ. ಸುಟ್ಟ ವಾಸನೆ ಬಂದರೆ ಗೋಡೆಯ ಸ್ವಿಚ್ ಆಫ್ ಮಾಡಿ, ಮತ್ತೆ ಹಾಕಿ ನೋಡುವ ಆಸೆ ಬೇಡ. ರೀಫಿಲ್ ಮಾಡಿಸಿದ ಕೂಡಲೇ ಇಡೀ ಹಾಳೆಗೆ ತೆಳು ಬೂದು ಬಳಿದಂತಾದರೆ ಯಂತ್ರಕ್ಕೆ ಹೊಂದದ ಪುಡಿ ತುಂಬಿರಬಹುದು. ರೀಫಿಲ್ ಮಾಡಿದವರಿಗೇ ಒಯ್ದು ತೋರಿಸಿ.

ಮೆಕ್ಯಾನಿಕ್ ಬಂದಾಗ ‘ಫೋಟೊ ಚೆನ್ನಾಗಿ ಬರ್ತಿಲ್ಲ’ ಎಂದಷ್ಟೇ ಹೇಳಿದರೆ ಅವರೂ ಕಾರ್ಟ್ರಿಜ್‌ನಿಂದಲೇ ಶುರು ಮಾಡುತ್ತಾರೆ. ಹಿಂದೆ ಬರೆದಿಟ್ಟ ಪರೀಕ್ಷಾ ಹಾಳೆಗಳನ್ನು ಮುಂದಿಡಿ, ಕಲೆ ಎಷ್ಟು ಮಿಲಿಮೀಟರಿಗೆ ಮರುಕಳಿಸುತ್ತದೆ ಎಂದು ಹೇಳಿ, ಯಾವ ಕಾರ್ಟ್ರಿಜ್ ಬದಲಿಸಿ ನೋಡಿದ್ದೀರಿ ಎಂದೂ ತಿಳಿಸಿ. ದುರಸ್ತಿ ಮುಗಿದ ಮೇಲೆ ಅವರ ಎದುರಿಗೇ ಅದೇ ಪರೀಕ್ಷಾ ಹಾಳೆಯನ್ನು ಅದೇ ಸೆಟ್ಟಿಂಗ್‌ನಲ್ಲಿ ಇನ್ನೊಮ್ಮೆ ತೆಗೆಸಿ, ಹಳೆಯದರ ಪಕ್ಕ ಇಟ್ಟು ನೋಡಿ, ಆಮೇಲೆ ಹಣ ಕೊಡಿ.